ಅಕ್ಕನಿಗೆ ಸಿನಿಮಾ ಹೇಳಿದ ದಿನಗಳು

ಹೋದ ವರ್ಷ ನಾನು ಸಿನಿಮಾ ನೋಡಿದ್ದಕ್ಕಿಂತ ಸಿನಿಮಾ ಹೇಳಿದ್ದೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಅಕ್ಕನ ಎರಡೂ ಕಣ್ಣು ಹೋಗಿದ್ದವು. ಕುಣಿಗಲ್ಲಿನಲ್ಲಿ ಇಪ್ಪತ್ತು ವರ್ಷ ಬ್ಲೌಸ್ ಹೊಲಿದವಳು ಅವಳು. ಭಾವ ತೀರಿಕೊಂಡ ಮೇಲೆ ತುಮಕೂರಿನ ನನ್ನ ಮನೆಗೆ ಕರೆದುಕೊಂಡು ಬಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿದ್ದೆ, ಮನೆಯಲ್ಲಿ ಒಬ್ಬಳೇ ಇದ್ದೆ. ಗುಬ್ಬಿಯಲ್ಲಿ ಹುಡುಗಿಯರಾಗಿದ್ದ ಕಾಲದಿಂದಲೂ ನಮ್ಮಿಬ್ಬರಿಗೂ ಸಿನಿಮಾ ಎಂದರೆ ಪ್ರಾಣ.

ಬಂದ ತಿಂಗಳೊಳಗೇ ಅಕ್ಕ, "ಥೇಟರ್‌ಗೆ ಕರ್ಕೊಂಡ್ ಹೋಗೇ. ನೀನು ನೋಡು, ನಾನು ಕೇಳಿಸ್ಕೋತೀನಿ" ಎಂದಳು. ದೊಡ್ಡ ಹೀರೋ ಒಬ್ಬನ ಹೊಸ ಸಿನಿಮಾಕ್ಕೆ ಹೋದೆವು. ನಾನು ಅವಳ ಕಿವಿಯ ಹತ್ತಿರ ಪಿಸುಗುಟ್ಟುತ್ತಿದ್ದೆ. ಮುಂದಿನ ಸೀಟಿನಲ್ಲಿದ್ದ ನಡುವಯಸ್ಸಿನವರೊಬ್ಬರು ಎರಡು ಸಲ ತಿರುಗಿ ನೋಡಿದರು. ಅಕ್ಕನೇ ಬಗ್ಗಿ, "ನಂಗೆ ಕಣ್ಣು ಕಾಣ್ಸಲ್ಲಪ್ಪ, ಇವ್ಳು ಹೇಳ್ತಾವ್ಳೆ. ಬೇಜಾರ್ ಮಾಡ್ಕೋಬೇಡಿ" ಎಂದಳು. ಆಮೇಲೆ ಅವರು ಸುಮ್ಮನಾದರು. ಇಂಟರ್‌ವಲ್ ಆದ ಮೇಲೆ, ನಾನು ನೀರು ಕುಡಿಯುತ್ತಿದ್ದಾಗ, ಅವರೇ ಹಿಂದೆ ತಿರುಗಿ, "ಈಗ ಜೈಲಿಂದ ಹೊರಗೆ ಬಂದ ಕಣಮ್ಮ" ಎಂದು ಹೇಳಿದರು.

ಸಿನಿಮಾ ನನಗೆ ಇಷ್ಟವಾಗಿತ್ತು. ಫೈಟುಗಳನ್ನು ಚೆನ್ನಾಗಿ ತೆಗೆದಿದ್ದರು. ಆಟೋದಲ್ಲಿ ಬರುವಾಗ ಅಕ್ಕ, "ಅಷ್ಟು ಜನಕ್ಕೆ ಹೊಡೆದ್ನಲ್ಲ, ಒಬ್ಬನಾದ್ರೂ ಅಮ್ಮಾ ಅಂತ ನರಳಿದ್ನಾ? ಯಾರಿಗೂ ನೋವಾಗದ ಏಟು ಅದೆಂಥದು" ಎಂದಳು. ಹೀರೋಯಿನ್ನಿನ ಮಾತನ್ನು ಬೇರೆ ಯಾರೋ ಆಡಿದ್ದಾರೆ, ಮಾತಿನ ದನಿಯೇ ಬೇರೆ, ಅಳುವಾಗಿನ ಉಸಿರೇ ಬೇರೆ ಎಂದೂ ಹೇಳಿದಳು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಅವಳು ಹೇಳಿದ್ದು ನಿಜವಾಗಿತ್ತು.

ಅಲ್ಲಿಂದ ಮುಂದೆ ವಾರಕ್ಕೆರಡು ಸಿನಿಮಾ, ಹೆಚ್ಚಿನವು ಮನೆಯ ಟೀವಿಯಲ್ಲೇ. ಒಂದು ಮಧ್ಯಾಹ್ನ ಕಾಮಿಡಿ ಸಿನಿಮಾ ಹಾಕಿದ್ದೆ. ಒಂದು ಕಡೆ ನಾನು ಜೋರಾಗಿ ನಕ್ಕುಬಿಟ್ಟೆ. "ಏನಾಯ್ತೇ?" ಎಂದು ಕೇಳಿದಳು. ಏನಾಗಿತ್ತೆಂದರೆ, ಕುರುಡ ಭಿಕ್ಷುಕನೊಬ್ಬ ಹೋಗಿ ಲೈಟು ಕಂಬಕ್ಕೆ ಗುದ್ದಿಕೊಂಡಿದ್ದ. ಹೇಳಲು ಬಾಯಿ ಬರಲಿಲ್ಲ, ಆದರೂ ಹೇಳಿದೆ. ಅಕ್ಕ, "ಆಫ್ ಮಾಡು" ಎಂದಳು. ಆ ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯವನ್ನು ಆಮೇಲೆ ಯಾರು ಕೇಳಿದರೂ ಹೇಳಿಲ್ಲ. ನಾನು ನಕ್ಕಿದ್ದೆ ಎಂಬುದೊಂದೇ ನೆನಪಿದೆ.

ಅಪ್ಪ ಮಗಳ ಸಿನಿಮಾ ಒಂದನ್ನು ನೋಡಿದ್ದು ಅಕ್ಕನಿಗೆ ಡಯಾಲಿಸಿಸ್ ಶುರುವಾದ ಮೇಲೆ. ಅದರಲ್ಲಿ ಮಾತು ಕಡಿಮೆ. ಜಗಳವಾಡಿಕೊಂಡು ಮನೆ ಬಿಟ್ಟುಹೋದ ಮಗಳಿಗಾಗಿ ಮುದುಕನೊಬ್ಬ ದಿನವೂ ಬಸ್ ಸ್ಟಾಂಡಿಗೆ ಬಂದು ಕಾಯುತ್ತಾನೆ. ಕೊನೆಗೊಂದು ದಿನ ಅವಳು ಬರುತ್ತಾಳೆ. ಕಿಟಕಿಯಿಂದ ಅಪ್ಪನನ್ನು ನೋಡುತ್ತಾಳೆ, ಆದರೆ ಇಳಿಯುವುದಿಲ್ಲ. ಅಲ್ಲಿಗೆ ಮುಗಿಯುತ್ತದೆ.

ಅದನ್ನು ಅಕ್ಕನಿಗೆ ಹೇಳಲು ನನ್ನಿಂದಾಗಲಿಲ್ಲ. ಅವಳಿಗೂ ಒಬ್ಬಳು ಮಗಳಿದ್ದಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೆಬ್ಬೂರಿನಲ್ಲಿ ಸಂಸಾರ ಮಾಡುತ್ತಿದ್ದಳು. ಬಾಗಿಲಿಗೆ ಬಂದರೆ ಕಾಲು ಮುರಿಯುತ್ತೇನೆ ಎಂದು ಭಾವ ಹೇಳಿ ಕಳಿಸಿದ್ದರು. ಒಂಬತ್ತು ವರ್ಷ ಅವಳು ಬಂದಿರಲಿಲ್ಲ. ಭಾವ ಸತ್ತಾಗಲೂ ಬರಲಿಲ್ಲ. ಹಾಗಾಗಿ ನಾನು, "ಇಳಿದಳು ಕಣಕ್ಕ. ಓಡಿಬಂದು ಅಪ್ಪನ್ನ ತಬ್ಕೊಂಡ್ಳು" ಎಂದೆ.

"ಬಸ್ಸಿನ ಬಾಗಿಲು ತೆಗೆದ ಸದ್ದೇ ಬರ್ಲಿಲ್ವಲ್ಲೇ" ಎಂದಳು ಅಕ್ಕ. "ಗಾಡಿ ಹೊರಟುಹೋಯ್ತು. ಆ ಮುದುಕ ಒಬ್ನೇ ಕೆಮ್ಮಿದ. ನಿಂಗೆ ಕಂಡಿದ್ದು ಹೇಳು."

ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತಿದ್ದಳು. ಆಮೇಲೆ, ಯಾರಿಗೂ ಹೇಳದಿದ್ದನ್ನು ಹೇಳಿದಳು. ಕಣ್ಣು ಇನ್ನೂ ಕಾಣುತ್ತಿದ್ದಾಗ, ಕುಣಿಗಲ್ ಬಸ್ ಸ್ಟಾಂಡಿನಲ್ಲಿ, ತುಮಕೂರಿನ ಬಸ್ಸಿನ ಕಿಟಕಿಯಲ್ಲಿ ಮಗಳು ಕುಳಿತಿದ್ದನ್ನು ಅವಳು ನೋಡಿದ್ದಳು. ಮಡಿಲಲ್ಲಿ ಮಗು ಇತ್ತಂತೆ. "ನಿಮ್ ಭಾವ ಪಕ್ಕದಲ್ಲೇ ಇದ್ರು. ನಾನು ಮುಖ ತಿರುಗಿಸ್ಕೊಂಡೆ. ಅವ್ಳು ನನ್ನೇ ನೋಡ್ತಿದ್ಲು ಕಣೇ. ಹೆತ್ತೋಳೇ ಹಂಗ್ ಮಾಡಿದ್ ಮೇಲೆ ಅವ್ಳು ಯಾಕ್ ಬಂದಾಳು?"

ಮಾರನೆಯ ದಿನ ಹೇಗೋ ನಂಬರ್ ಸಂಪಾದಿಸಿ ಮಗಳಿಗೆ ಫೋನ್ ಮಾಡಿ, ಅಕ್ಕನ ಕೈಗೆ ಕೊಟ್ಟೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ಅಕ್ಕ, "ಊಟ ಆಯ್ತಾ?" ಎಂದು ಕೇಳಿದಳು. ಆ ಕಡೆಯಿಂದ ಏನೋ ಉತ್ತರ ಬಂತು. "ಮಗೀಗೆ ಎಷ್ಟ್ ವರ್ಷ ಈಗ?" ಎಂದಳು. ಅಷ್ಟೇ. ಫೋನ್ ನನಗೆ ವಾಪಸ್ ಕೊಟ್ಟು, "ಪರೀಕ್ಷೆ ಮುಗಿದ ಮೇಲೆ ಮಗೀನ ಕರ್ಕೊಂಡ್ ಬರ್ತಾಳಂತೆ" ಎಂದಳು. ಆ ವಾರ ಸಿನಿಮಾ ಬೇಡವೆಂದಳು. ಮಗುವಿಗೆ ಏನು ಮಾಡಿಕೊಡಬೇಕು ಎಂಬುದೇ ಅವಳ ಮಾತಾಗಿತ್ತು.

ಪರೀಕ್ಷೆ ಮುಗಿಯಲು ಇನ್ನೂ ಹತ್ತು ದಿನವಿತ್ತು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ಸಂಜೆ ಅಕ್ಕ ಕುರ್ಚಿಯಲ್ಲೇ ಹೋಗಿಬಿಟ್ಟಳು. ನಾನು ಒಳಗೆ ಗಂಜಿ ಆರಿಸುತ್ತಿದ್ದೆ.

ಮಗಳು ಬಂದಳು. ಅಕ್ಕನ ತಲೆದೆಸೆಯಲ್ಲಿ ಕುಳಿತಳು, ಅಳಲಿಲ್ಲ. ಜನ ಸ್ವಲ್ಪ ಕಡಿಮೆಯಾದಾಗ ನನ್ನ ಕಡೆ ತಿರುಗಿ, "ಅಮ್ಮ ನನ್ನ ಬೈತಿದ್ರಾ ಚಿಕ್ಕಮ್ಮ?" ಎಂದು ಕೇಳಿದಳು.

ಈ ಸಲ ಇದ್ದದ್ದನ್ನೇ ಹೇಳಿದೆ. ಬೈಯುತ್ತಿರಲಿಲ್ಲವೆಂದೆ. ಕುಣಿಗಲ್ ಬಸ್ ಸ್ಟಾಂಡಿನ ವಿಷಯ, ಮುಖ ತಿರುಗಿಸಿಕೊಂಡಿದ್ದು, ಅದಕ್ಕಾಗಿ ಕೊರಗಿದ್ದು ಎಲ್ಲವನ್ನೂ ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ಯಾವತ್ತು ಚಿಕ್ಕಮ್ಮ? ನಾನು ಅಮ್ಮನ್ನ ನೋಡೇ ಇಲ್ಲ. ನೋಡಿದ್ರೆ ಇಳೀತಿದ್ದೆ."

ಆಮೇಲೆ ಅವಳು ಅತ್ತಳು. ಆ ಮಾತು ಅಕ್ಕನಿಗೆ ಕೇಳಿಸಬೇಕಿತ್ತು ಎನಿಸಿ ನನಗೆ ತಡೆಯಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ನಾನೂ ಅತ್ತೆ.