ಪಕ್ಕದ ಮನೆಯ ಬಿನ್

ಕಸದ ಬಿನ್ನಿನ ಗಾಲಿ ಸಿಮೆಂಟಿನ ಮೇಲೆ ಉರುಳುವ ಸದ್ದಿಗೆ ಎದೆ ಧಸಕ್ಕೆನ್ನುವ ಹೆಂಗಸನ್ನು ನೀವು ನೋಡಿರಲಾರಿರಿ. ನೋಡಬೇಕೆಂದಿದ್ದರೆ ಬುಧವಾರ ಸಂಜೆ ಆಸ್ಟ್ರೇಲಿಯದ ಪರ್ತ್‌ನ ಥಾರ್ನ್ಲಿ ಬಡಾವಣೆಗೆ ಬನ್ನಿ. ಅಡುಗೆಮನೆಯ ಕಿಟಕಿಯ ಪರದೆ ಸರಿಸಿಕೊಂಡು ಒಬ್ಬಳು ನಿಂತಿರುತ್ತಾಳೆ, ಅವಳೇ ನಾನು. ಮರುದಿನ ಬೆಳಗ್ಗೆ ಲಾರಿ ಬಂದು ಕಬ್ಬಿಣದ ಕೈ ಚಾಚಿ ಕಸ ಸುರಿದುಕೊಂಡು ಹೋಗುವ ಕಾರಣ, ಆ ಹೊತ್ತಿಗೆ ಮನೆಮನೆಯಿಂದ ಗಡಗಡ ಸದ್ದು ಹೊರಡುತ್ತದೆ. ನಮ್ಮ ಮನೆಯ ಸದ್ದನ್ನು ಕೆಲವು ವಾರಗಳಿಂದ ಮಾಡುತ್ತಿರುವವನು ಪಕ್ಕದ ಮನೆಯ ಕೆನ್. ನಾವು ಕೇಳಿಕೊಂಡಿಲ್ಲ. ವಯಸ್ಸಾದವನು, ನಿವೃತ್ತ, ತನ್ನ ಮರದ ನಿಂಬೆಹಣ್ಣು ತಂದುಕೊಡುವವನು. ನಾನು ಉತ್ತರದ ಗಣಿಗೆ ಕೆಲಸಕ್ಕೆ ಹೋಗಿದ್ದ ವಾರಗಳಲ್ಲೂ ಅವನೇ ಬಂದು ಎಳೆದುಕೊಂಡು ಹೋಗಿ ಇಟ್ಟನಂತೆ.

"ಎಂಥ ಒಳ್ಳೆ ಮನುಷ್ಯ ಅಲ್ವಾ?" ಎಂದು ನನ್ನ ಗಂಡ ಕಾಫಿ ಹೀರುತ್ತಾನೆ. ಅವನಿಗೇನು, ಹಾಲು ಕೊಟ್ಟವರೆಲ್ಲ ಹಸು. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಕೇಳದೆ ಬಂದು ನಮ್ಮ ಕಸ ಎಳೆಯುವವರ ಬಗ್ಗೆ ನನಗೆ ಒಂದು ಅನುಮಾನವಿದೆ. ಆ ಅನುಮಾನವನ್ನು ನನ್ನ ತಲೆಗೆ ಹಾಕಿದವರು ನನ್ನ ಭಾವ. ಹಾಗಾಗಿ ಅವರ ಕತೆಯನ್ನು ಮೊದಲು ಹೇಳಬೇಕು.

ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೋ ಬಿಟ್ಟು ಹೊರಡಬೇಕೋ ಎಂದು ಬ್ರಿಟನ್ ತನ್ನ ಜನರನ್ನು ಕೇಳಿದ ವರ್ಷ ನಾನು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಓದುತ್ತಿದ್ದದ್ದು ಭೂವಿಜ್ಞಾನ, ಮಾಡುತ್ತಿದ್ದದ್ದು ಅಕ್ಕನ ಫ್ರಿಜ್ ಖಾಲಿ. ಭಾವ ಮೈಸೂರಿನವರು. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಾತು ಕಡಿಮೆ, ಹಟ ಹೆಚ್ಚು. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ಡೊರೊಟಾ ಇದ್ದಳು. ಪೋಲೆಂಡಿನವಳು, ನಾವಿದ್ದ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ.

ಆ ವರ್ಷದ ಆರಂಭದ ಚಳಿಗಾಲದಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಬರಬೇಕಿದ್ದವರು ಭಾವನ ಅಮ್ಮ. ಖಾರದ ಪುಡಿ ಕುಟ್ಟಿಸಿ, ಕೊಬ್ಬರಿ ಎಣ್ಣೆ ಕಾಯಿಸಿ, ಮಗುವಿಗೆ ಕುಲಾವಿ ಹೊಲಿದು, ಪೆಟ್ಟಿಗೆ ಕಟ್ಟಿ ಕೂತಿದ್ದರು. ವೀಸಾ ಸಿಗಲಿಲ್ಲ. ಬಂದವರು ವಾಪಸು ಹೋಗುತ್ತಾರೆ ಎಂಬುದಕ್ಕೆ ಆಧಾರ ಸಾಲದಂತೆ. ಅರವತ್ತು ದಾಟಿದ, ಮಂಡಿನೋವಿನ ಹೆಂಗಸು ಇಂಗ್ಲೆಂಡಿನಲ್ಲಿ ತಲೆಮರೆಸಿಕೊಂಡು ಏನು ಮಾಡುತ್ತಾರೋ ನನಗಂತೂ ತಿಳಿಯಲಿಲ್ಲ. ಅದೇ ಹೊತ್ತಿಗೆ ಡೊರೊಟಾಳ ಅಮ್ಮ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ ಹಿಡಿದು, ಯಾವ ವೀಸಾದ ಗೊಡವೆಯೂ ಇಲ್ಲದೆ, ಪಕ್ಕದ ಬೀದಿಯಿಂದ ಬಂದಷ್ಟು ಸಲೀಸಾಗಿ ಬಂದಿಳಿದರು. ಬಂದವರೇ ನಮ್ಮ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದರು. ಡೊರೊಟಾ ಕೆಲಸ ಮುಗಿಸಿ ಬಂದು ಅಕ್ಕನಿಗೆ ಬೀಟ್‌ರೂಟ್ ಸಾರು ಕುಡಿಸುತ್ತಿದ್ದಳು. ಅಕ್ಕ ಅದಕ್ಕೆ ಒಗ್ಗರಣೆ ಹಾಕಿಸಿಕೊಂಡು ಕುಡಿದಳು ಅನ್ನಿ.

ಒಂದೇ ಬಾಣಂತನ, ಎರಡು ಫಲ. ಅಕ್ಕನಿಗೆ ಡೊರೊಟಾ ಒಡಹುಟ್ಟಿದವಳಿಗಿಂತ ಹೆಚ್ಚಾದಳು. ಒಡಹುಟ್ಟಿದವಳೇ ಹೇಳುತ್ತಿದ್ದೇನೆ, ನಂಬಿ. ಭಾವನಿಗೆ ಮಾತ್ರ ಆ ಬೀಟ್‌ರೂಟ್ ಸಾರಿನ ವಾಸನೆ ಬಂದಾಗಲೆಲ್ಲ ಮೈಸೂರಿನಲ್ಲಿ ಬಿಚ್ಚದೆ ಉಳಿದ ಪೆಟ್ಟಿಗೆಯ ನೆನಪಾಗುತ್ತಿತ್ತು. ಅವರ ಅಮ್ಮ ಮೊಮ್ಮಗಳನ್ನು ಫೋನಿನಲ್ಲಿ ನೋಡಿದರು. ಮಡಿಲಿಗೆ ಹಾಕಿಕೊಳ್ಳುವ ಮೊದಲೇ ತೀರಿಕೊಂಡರು.

ಇದರ ಬೆನ್ನಿಗೇ ಆ ಮತದಾನ ಬಂತು. ಊರಿಗೆ ಊರೇ ಎರಡು ಹೋಳಾಗಿತ್ತು. ಕಿಟಕಿಗಳಲ್ಲಿ ಇರೋಣ, ಹೋಗೋಣ ಎಂಬ ಚೀಟಿಗಳು. ಸಂತೆಯ ದಿನ ಚೌಕದಲ್ಲಿ ಎದುರುಬದುರು ಮೇಜು ಹಾಕಿ ಕೂಗಾಟ. ಸಣ್ಣ ಮಕ್ಕಳು ಠೂ ಬಿಡುತ್ತಾರಲ್ಲ, ಒಂದು ದೇಶ ಅಕ್ಕಪಕ್ಕದ ದೇಶಗಳಿಗೆಲ್ಲ ಹಾಗೆ ಠೂ ಬಿಡಲು ಹೊರಟಿದೆ ಅನ್ನಿಸುತ್ತಿತ್ತು. ತಮಾಷೆಯೆಂದರೆ ಕಾಮನ್‌ವೆಲ್ತ್ ಎಂಬ ಹಳೆಯ ನಂಟಿನಿಂದಾಗಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಿನ್ನೆ ಮೊನ್ನೆ ಬಂದಿಳಿದ ನಮಗೆ ಅಲ್ಲಿ ಓಟಿತ್ತು. ನಮಗಿಂತ ಎಷ್ಟೋ ವರ್ಷ ಮೊದಲು ಬಂದು, ಆ ಊರಿನ ಅರ್ಧ ಜನರ ರಕ್ತ ಪರೀಕ್ಷಿಸಿದ್ದ ಡೊರೊಟಾಳಿಗೆ ಇರಲಿಲ್ಲ.

ಭಾನುವಾರದ ಊಟಕ್ಕೆ ಸೇರುತ್ತಿದ್ದ ಕನ್ನಡಿಗರೂ ಬಿಸಿಬೇಳೆಬಾತ್ ಆರುವವರೆಗೆ ವಾದಿಸುತ್ತಿದ್ದರು. ಯುರೋಪಿನವರು ಬರುವುದು ನಿಂತರೆ ನಮ್ಮವರಿಗೆ ವೀಸಾ ಸಿಗುತ್ತದೆ ಎಂಬುದು ಒಂದು ಗುಂಪಿನ ಲೆಕ್ಕ. ಸದಾ ತೆಪ್ಪಗಿರುವ ಭಾವ ಒಂದು ದಿನ ಬಾಯಿಬಿಟ್ಟರು.

"ಅವ್ರಿಗೆ ಹೆಬ್ಬಾಗಿಲು, ನಮ್ಗೆ ಕಿಟಕೀನೂ ಇಲ್ಲ. ಎಲ್ಲರ್ಗೂ ಒಂದೇ ಬಾಗಿಲು ಆಗ್ಲಿ ಬಿಡಿ."

"ಆ ಹೆಬ್ಬಾಗಿಲಲ್ಲಿ ಬಂದವ್ರೇ ರೀ ನನ್ನ ಬಾಣಂತನ ಮಾಡಿದ್ದು," ಎಂದಳು ಅಕ್ಕ.

"ನನ್ನಮ್ಮ ಮಾಡ್ಬೇಕಿತ್ತು," ಎಂದರು ಭಾವ.

ಮತದ ದಿನ ಭಾವ ಹೊರಗೆ ಎಂದು ಗುರುತು ಹಾಕಿ ಬಂದರು, ಅಕ್ಕ ಒಳಗೆ ಎಂದು ಹಾಕಿದಳು. ನಾನೂ ಒಳಗೆ ಎಂದೇ ಹಾಕಿದೆ. ಒಕ್ಕೂಟದ ವ್ಯಾಪಾರ ವಹಿವಾಟಿನ ಬಗ್ಗೆ ನನಗಿದ್ದ ತಿಳಿವಳಿಕೆ ಕತ್ತೆಗೆ ಕಸ್ತೂರಿಯ ಬಗ್ಗೆ ಇರುವಷ್ಟು, ಆದರೆ ಫ್ರಿಜ್ ಅಕ್ಕನದಲ್ಲವೇ?

ಹೊರಗೆ ಎಂದವರು ಗೆದ್ದ ಬೆಳಗ್ಗೆ ಡೊರೊಟಾ ನಮ್ಮ ಬಾಗಿಲಿಗೆ ಬಂದಳು. "ಕೆಲಸಕ್ಕೆ ಹೊತ್ತಾಯಿತು," ಎಂದಳು. ಹೋಗದೆ ನಿಂತೇ ಇದ್ದಳು. ಅಕ್ಕ ಅವಳನ್ನು ತಬ್ಬಿಕೊಂಡು, "ನಮ್ಮ ಮನೆಯ ಮೂರು ಓಟೂ ನಿನ್ನ ಕಡೆಗೇ," ಎಂದುಬಿಟ್ಟಳು. ಒಳಗೆ ಭಾವ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

ಆಮೇಲೆ ಭಾವನಿಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತು. ಕಸದ ಲಾರಿ ಬರುವ ಮುನ್ನಾದಿನ ಡೊರೊಟಾಳ ಬಿನ್ನನ್ನೂ ಎಳೆದು ಬೀದಿಗಿಡುವುದು, ಖಾಲಿಯಾದ ಮೇಲೆ ತಂದು ಅವಳ ಬಾಗಿಲ ಪಕ್ಕ ಸೇರಿಸುವುದು. ಮಳೆಯಿರಲಿ, ಜಿಗುಟು ಮಂಜಿರಲಿ, ತಪ್ಪಿಸಲಿಲ್ಲ. "ನೋಡೇ ಪುಟ್ಟಿ, ಕೊನೆಗೂ ನಿನ್ ಭಾವನಿಗೆ ಬುದ್ಧಿ ಬಂತು," ಎಂದು ಅಕ್ಕ ಹಿಗ್ಗಿದಳು. ಡೊರೊಟಾ ಒಂದು ದಿನವೂ ಥ್ಯಾಂಕ್ಸ್ ಹೇಳದಿದ್ದದ್ದು ನನಗೆ ಒರಟಾಗಿ ಕಂಡಿತ್ತು. ಒಂದು ವಾರವಂತೂ ಭಾವನ ಸೊಂಟವೇ ಹಿಡಿದುಕೊಂಡು, ಮುಲಾಮು ತಿಕ್ಕುವ ಸೇವೆ ನನ್ನ ಪಾಲಿಗೆ ಬಂದಿತ್ತು. ಬಗ್ಗಿ ಅಭ್ಯಾಸವಿಲ್ಲದ ಮೈಸೂರು ಸೊಂಟ ಎಂದು ಆಡಿಕೊಂಡಿದ್ದೆ.

ಕೆಲ ವರ್ಷಗಳಲ್ಲಿ ಎಲ್ಲರೂ ಚೆದುರಿದೆವು. ಭಾವನ ಕಾರ್ಖಾನೆ ಅರ್ಧ ಕೆಲಸವನ್ನು ಸಮುದ್ರದಾಚೆ ಯುರೋಪಿಗೇ ಸಾಗಿಸಿತು. "ಹೇಗಿದ್ರೂ ಹೋಗ್ತಿತ್ತು," ಎಂದರು ಭಾವ, ಯಾರೂ ಕೇಳದೆಯೇ. ಅವರಿಗೆ ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ, ರಕ್ಷಣಾ ಇಲಾಖೆಗೆ ಸಾಮಾನು ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾನು ಕಬ್ಬಿಣದ ಅದಿರಿನ ಹಿಂದೆ ಪರ್ತ್‌ಗೆ ಬಂದೆ. ಡೊರೊಟಾ ಇಂಗ್ಲೆಂಡಿನ ಆ ಊರಿನಲ್ಲಿ ಇನ್ನು ಮನಸ್ಸು ನಿಲ್ಲದೆಂದು ಬ್ರಿಸ್ಬೇನ್‌ಗೆ ಬಂದು, ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಲ್ಯಾಬ್ ಸೇರಿದಳು. ಒಂದೇ ದೇಶ ಎಂದು ಹೇಳಿಕೊಳ್ಳುತ್ತೇವೆ, ಒಬ್ಬರನ್ನೊಬ್ಬರು ನೋಡಲು ಗಂಟೆಗಟ್ಟಲೆ ವಿಮಾನದಲ್ಲಿ ಮಂಡಿ ಮಡಚಿ ಕೂರಬೇಕು. ಹೀಗಾಗಿ ವರ್ಷಗಟ್ಟಲೆ ಫೋನಿನಲ್ಲೇ ನಡೆಯಿತು.

ಹೋದ ತಿಂಗಳು ಅಕ್ಕನ ಫೋನು ಬಂತು. ಡೊರೊಟಾ ಅಕ್ಕನ ಮಗಳು ಅನಘಾಳನ್ನು ನೋಡಲು ಅಡಿಲೇಡ್‌ಗೆ ಬಂದು ಮೂರು ದಿನ ಉಳಿಯುತ್ತಾಳೆ.

"ನೀನೂ ಬಂದ್ಬಿಡೇ. ಊಟಕ್ಕೆ ಕೂತಾಗ ಆ ಮಾತು ಬಂದ್ರೆ ನಿನ್ ಭಾವ ಹೇಳ್ಬಿಡ್ತಾರೆ. ನಾನು ಅವತ್ತು ಮೂರು ಓಟು ಅಂದಿದ್ದೀನಿ. ಅವ್ಳು ನನ್ನ ಮುಖ ನೋಡ್ತಾಳಾ ಆಮೇಲೆ?"

"ಹೇಳ್ಬೇಡಿ ಅಂತ ಭಾವಂಗೇ ಹೇಳು."

"ಹೇಳಿದ್ದಾಯ್ತು. ಅವ್ಳು ಕೇಳದಿದ್ರೆ ಹೇಳಲ್ಲ, ಕೇಳಿದ್ರೆ ಸುಳ್ಳು ಹೇಳಲ್ಲ ಅಂತಾರೆ. ಹರಿಶ್ಚಂದ್ರನ ಮೊಮ್ಮಗ! ನೀನು ಮಧ್ಯೆ ಕೂತು ಏನಾದ್ರೂ ಮಾತಾಡ್ತಿರು, ಸಾಕು. ಅದೊಂದು ನಿಂಗೆ ಬರುತ್ತೆ."

ಅವತ್ತೇ ವಿಮಾನದ ಟಿಕೆಟ್ ತೆಗೆದೆ. ಹೊರಟೆ.

ಸ್ಯಾಲಿಸ್‌ಬರಿಯ ಭಾವನ ಮನೆಯ ಆ ಊಟದ ಮೇಜು ಈಗಲೂ ನನ್ನ ಕಣ್ಣಮುಂದಿದೆ. ಒಂದು ಕಡೆ ಡೊರೊಟಾ, ಅವಳ ತೋಳಿಗೆ ಅಂಟಿಕೊಂಡ ಅನಘಾ. ಎದುರಿಗೆ ಭಾವ. ಅಕ್ಕ ಕೂರುವುದೇ ಇಲ್ಲ, ಕೋಸಂಬರಿ ಬಡಿಸಿದ ಮೇಲೆ ಮತ್ತೆ ಕೋಸಂಬರಿ ಬಡಿಸುತ್ತಾಳೆ. ಮಧ್ಯದಲ್ಲಿ ನಾನು, ಪಾತ್ರೆಗೆ ಹಾಕಿದ ಚಮಚದ ಹಾಗೆ ಒಂದೇ ಸಮ ಸದ್ದು ಮಾಡುತ್ತಾ. ಸೆಕೆಯ ಬಗ್ಗೆ ಮಾತಾಡಿದೆ. ಸರ್ವೋ ಎಂದು ಇಲ್ಲಿ ಕರೆಯುವ ಬಂಕಿನ ಪೆಟ್ರೋಲ್ ದರದ ಬಗ್ಗೆ ಮಾತಾಡಿದೆ. ಡೊರೊಟಾ, "ಇಂಗ್ಲೆಂಡಿನ ಆ ಮನೆ ನೆನಪಿದೆಯೇ?" ಎಂದು ಆರಂಭಿಸಿದಳು. ಅಕ್ಕನ ಕೈಯ ಸೌಟು ನಿಂತಿತು. ಗಾಬರಿಯಲ್ಲಿ ನಾನು ಕಬ್ಬಿಣದ ಅದಿರಿಗೆ ಹಾರಿದೆ.

ಪರ್ತ್‌ನವರು ಅದಿರಿನ ಬಗ್ಗೆ ಬಾಯಿಬಿಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತು. ಬಾರ್ಬಿ ಎಂಬ ಹಿತ್ತಲಿನ ಬಾರ್ಬೆಕ್ಯೂ ಕೂಟಗಳಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅಗೆಯುವವರು ನಾವು, ತಿನ್ನುವವರು ದೇಶದ ಪೂರ್ವ ತೀರದವರು. ಅಜ್ಜಂದಿರ ಕಾಲದಲ್ಲೇ ನಮ್ಮ ಪಶ್ಚಿಮ ರಾಜ್ಯದವರು ಆಸ್ಟ್ರೇಲಿಯದಿಂದ ಬೇರೆಯಾಗಲು ಓಟು ಹಾಕಿ ಗೆದ್ದಿದ್ದರು, ಕೇಳುವವರಿರಲಿಲ್ಲ ಅಷ್ಟೇ. "ನಾವೊಂದು ಸಲ ಬಿಟ್ಟು ಹೋಗ್ಬೇಕು, ಆಗ ಗೊತ್ತಾಗುತ್ತೆ ಇವ್ರಿಗೆ!" ಎಂದು ಮೇಜು ಕುಟ್ಟಿದೆ. ಕುಟ್ಟಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಬೆಂಕಿ ಆರಿಸಲು ಕರೆಸಿದವಳು ಸೀಮೆಎಣ್ಣೆ ಸುರಿದಿದ್ದೆ.

ಡೊರೊಟಾ ಜೋರಾಗಿ ನಕ್ಕಳು. "ಹಾಗಾದರೆ ನೀನೂ ಹೋಗೋಣ ಎನ್ನುವ ಪಕ್ಷವೇ?" ಎಂದಳು. ನಗು ನಿಲ್ಲಿಸಿ ಭಾವನ ಕಡೆ ತಿರುಗಿದಳು. "ಅವತ್ತು ನೀನು ಯಾವ ಪಕ್ಷ?"

ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಹೊರಗೆ ಅಂತ ಹಾಕಿದೆ," ಎಂದರು.

"ಗೊತ್ತು," ಎಂದಳು ಡೊರೊಟಾ.

ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದನ್ನು ನನಗೆ ತಿಳಿದ ಕನ್ನಡದಲ್ಲಿ ಹೇಳುತ್ತೇನೆ. "ಅದಕ್ಕೆ ಮೊದಲು ನನ್ನ ಬಿನ್ ಎಲ್ಲಿರುತ್ತದೆ ಎಂದೂ ನಿನಗೆ ಗೊತ್ತಿರಲಿಲ್ಲ. ಆ ವಾರದಿಂದ ಮಳೆಯಲ್ಲೂ ಬಂದು ಎಳೆದೆ. ತಪ್ಪು ಮಾಡದ ಗಂಡಸು ಬೇರೆಯವರ ಕಸ ಎಳೆಯುವುದನ್ನು ನಾನು ನೋಡಿಲ್ಲ. ತುಂಬಾ ಸಿಟ್ಟು ಬಂದಿತ್ತು. ಒಂದು ವಾರ ಹಿತ್ತಲಿನ ಒದ್ದೆ ಮಣ್ಣನ್ನೆಲ್ಲ ಬಿನ್ನಿಗೆ ತುಂಬಿಸಿಟ್ಟೆ. ನೀನು ಅದನ್ನೂ ಎಳೆದುಕೊಂಡು ಹೋದೆ."

"ಸೊಂಟ ಹಿಡ್ಕೊಂಡಿತ್ತು," ಎಂದರು ಭಾವ.

"ಹಿಡಿಯಲಿ ಅಂತಲೇ ತುಂಬಿದ್ದು."

ಅಕ್ಕ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು. "ಅಂದ್ರೆ ಇಬ್ರಿಗೂ ಗೊತ್ತಿತ್ತಾ? ಇಷ್ಟು ವರ್ಷ ನಾನೊಬ್ಳೇ ಹೆದರ್ಕೊಂಡು ಸತ್ನಾ?" ಎಂದು ಕನ್ನಡದಲ್ಲೇ ಕೂಗಿ, ಅಳುತ್ತಾ ಕೂತಳು. ಅನಘಾ ಡೊರೊಟಾಳಿಗೆ ಅದನ್ನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಡೊರೊಟಾ ಎದ್ದು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ಭಾವ ತಪ್ಪಾಯಿತು ಎನ್ನಲಿಲ್ಲ. "ನಿನ್ನಮ್ಮ ಬಂದರು. ನನ್ನಮ್ಮ ಬರಲಿಲ್ಲ," ಎಂದರು.

ಡೊರೊಟಾ ತನ್ನ ತಟ್ಟೆಯನ್ನು ಅಕ್ಕನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡಳು. "ನನ್ನ ಅಮ್ಮನಿಗೂ ಈಗ ಇಷ್ಟು ದೂರ ಬರಲಾಗುವುದಿಲ್ಲ," ಎಂದಳು. "ಅವಳನ್ನು ನಾನೂ ಫೋನಿನಲ್ಲೇ ನೋಡುವುದು."

ಒಂದು ದೇಶ ಒಂದು ಒಕ್ಕೂಟದಲ್ಲಿರಲಿ ಬಿಡಲಿ, ಈ ಇಬ್ಬರು ತಾಯಂದಿರ ಮಟ್ಟಿಗೆ ಯಾವ ವಾದವೂ ಗೆಲ್ಲಲಿಲ್ಲ ಎಂದು ನನಗೆ ದುಃಖವಾಯಿತು. ಊಟವಾದ ಮೇಲೆ ಭಾವ ಅಭ್ಯಾಸ ಬಲದಿಂದ ಕಸದ ಚೀಲ ಕಟ್ಟಿಕೊಂಡು ಹೊರಟರು. ಡೊರೊಟಾ ಚಪ್ಪಲಿ ಮೆಟ್ಟಿ ಹಿಂದೆಯೇ ಹೋದಳು. ಇಬ್ಬರೂ ಒಳಗೆ ಬರಲು ತಡವಾಯಿತು. ಏನು ಮಾತಾಡಿಕೊಂಡರೋ, ಕೇಳುವ ಧೈರ್ಯ ಅಕ್ಕನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಇಷ್ಟು ಗೊತ್ತಿರುವವಳಿಗೆ ಕೆನ್‌ನ ಉಪಕಾರ ಹೇಗೆ ಅರಗೀತು, ನೀವೇ ಹೇಳಿ. ವಲಸೆ ಬಂದವರು ಇನ್ನು ಸಾಕು ಎಂದು ಪರ್ತ್‌ನ ಪೇಟೆಯಲ್ಲಿ ಜನ ಬಾವುಟ ಹಿಡಿದು ಮೆರವಣಿಗೆ ಹೋದ ಭಾನುವಾರ ಕೆನ್‌ನ ಕಾರು ಬೆಳಗ್ಗೆಯಿಂದ ಮನೆಯ ಮುಂದೆ ಇರಲಿಲ್ಲ. ಮೀನು ಹಿಡಿಯಲು ಹೋಗಿರಬಹುದು. ಮಗಳ ಮನೆಗೆ ಹೋಗಿರಬಹುದು. ನಮ್ಮ ಬಿನ್ ನಮ್ಮ ಕೈ ಸೋಕದೆ ಮೊದಲ ಸಲ ಬೀದಿಗೆ ಬಂದದ್ದು ಮಾತ್ರ ಅದರ ಮುಂದಿನ ಬುಧವಾರವೇ. ಅವತ್ತಿನಿಂದ ನಿಂಬೆಹಣ್ಣೂ ಹೆಚ್ಚಾಗಿದೆ.

ಡೊರೊಟಾಳಂತೆ ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಇವತ್ತು ಮಧ್ಯಾಹ್ನ ಸಲಿಕೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಈ ಊರಿನ ನೆಲ ಬರೀ ಮರಳು, ಅಗೆಯುವುದು ಸುಲಭ. ನನ್ನ ವೃತ್ತಿಯೂ ಅದೇ. ಬೆವರು ಸುರಿಸಿಕೊಂಡು ಬಿನ್ನಿಗೆ ಮರಳು ತುಂಬಿದೆ. ತುಂಬುವಾಗ ಸಿಟ್ಟಿತ್ತು. ಮುಚ್ಚಳ ಹಾಕಿದ ಮೇಲೆ ಮುದುಕನ ಸೊಂಟದ ಯೋಚನೆ ಹತ್ತಿತು.

ಸಂಜೆ ಕೆನ್ ಬಂದ. ಹಿಡಿಕೆ ಹಿಡಿದು ಎಳೆದ, ಬಿನ್ ಅಲುಗಲಿಲ್ಲ. ಮುಚ್ಚಳ ಎತ್ತಿ ನೋಡಿದ, ನಮ್ಮ ಮನೆಯತ್ತ ನೋಡಿದ, ಮುಚ್ಚಳ ಇಳಿಸಿ ಮತ್ತೆ ಎಳೆಯತೊಡಗಿದ. ನಾನು ಪರದೆ ಬಿಟ್ಟು ಹೊರಗೋಡಿದೆ.

"ಒಳಗೆ ಬಾ ಕೆನ್, ಟೀ ಕುಡಿಯೋಣ. ನಿನ್ನನ್ನು ಒಂದು ಮಾತು ಕೇಳಬೇಕು," ಎಂದೆ.

ಅವನ ಮುಖ ಕೆಂಪಾಯಿತು. ಏನು ಮಾತು ಎಂದು ಅವನು ಕೇಳಲೇ ಇಲ್ಲ.

"ಬರುತ್ತೇನೆ. ಮೊದಲು ಇದನ್ನು ಇಟ್ಟುಬಿಡೋಣ," ಎಂದ.

ಇಬ್ಬರೂ ಒಂದೊಂದು ಕಡೆ ಹಿಡಿದು ಎಳೆದೆವು. ವಿಪರೀತ ಭಾರವಾಗಿತ್ತು. ಬೇಕಾದದ್ದಕ್ಕಿಂತ ಹೆಚ್ಚೇ ತುಂಬಿಬಿಟ್ಟಿದ್ದೆ.