ತುದಿ ನೋಡದೆ ಪೋರ್ಟು ತೆರೆಯದವರು

ಆಸ್ಪತ್ರೆಯ ನೆಟ್‌ವರ್ಕ್ ಎಂದರೆ ಗೋಡೆಯೊಳಗಿನ ಕೇಬಲ್ಲುಗಳೆಂದಷ್ಟೇ ನಾವು ತಿಳಿದಿದ್ದ ಕಾಲದಲ್ಲಿ, ಅದರ ಇನ್ನೊಂದು ತುದಿಯಲ್ಲಿ ರೋಗಿಯೊಬ್ಬರು ನಿಂತಿದ್ದಾರೆಂಬುದನ್ನು ಮರೆಯದೆ ಇಪ್ಪತ್ತೊಂಬತ್ತು ವರ್ಷ ದುಡಿದ ನಮ್ಮ ತಂತ್ರಜ್ಞರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರನ್ನು ಎಲ್ಲರೂ ನಿಧಾನಪ್ಪನವರೆಂದೇ ಕರೆದೆವು. ಹೆಸರಿಟ್ಟವರಲ್ಲಿ ಪ್ರೀತಿ ಕಡಿಮೆಯೇ ಇತ್ತು.

ಆಗ ಕರೆಂಟು ಹೋಗಿ ಬಂದಾಗಲೆಲ್ಲ ನೋಂದಣಿ ಕೌಂಟರಿನ ಕಂಪ್ಯೂಟರಿಗೆ ಸಂಪರ್ಕ ಸಿಗಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚೆಂಬ ಪೆಟ್ಟಿಗೆ, ತನ್ನ ಪೋರ್ಟಿನ, ಅಂದರೆ ಕೇಬಲ್ಲು ಸಿಕ್ಕಿಸುವ ಕಿಂಡಿಯ, ಆಚೆ ಇನ್ನೊಂದು ಸ್ವಿಚ್ಚಿದೆಯೇ ಎಂದು ಪರೀಕ್ಷಿಸಿಯೇ ದಾರಿ ಬಿಡುತ್ತದೆ. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿಯಾದರೆ ಮಾಹಿತಿ ಸುತ್ತಿದಲ್ಲೇ ಸುತ್ತಿ ಎಲ್ಲವೂ ನಿಲ್ಲುತ್ತದೆ. ಈ ಪರೀಕ್ಷೆ ಮುಗಿಯುವಷ್ಟರಲ್ಲಿ ಕಂಪ್ಯೂಟರು ಸಂಪರ್ಕವಿಲ್ಲವೆಂದು ಕೈಚೆಲ್ಲುತ್ತಿತ್ತು. ಸಾಲಿನವರ ಬೈಗುಳ ಗುಮಾಸ್ತೆಯ ಪಾಲಿಗೆ. ನಿಧಾನಪ್ಪನವರು ನೋಯುವ ಮೊಣಕಾಲೂರಿ ಮೇಜಿನಡಿ ತೂರಿ, ಕೇಬಲ್ಲಿನ ತುದಿಯಲ್ಲಿ ಒಂದೇ ಕಂಪ್ಯೂಟರಿದೆಯೆಂದು ಕಣ್ಣಾರೆ ಕಂಡ ಮೇಲೆ, ಆ ಪೋರ್ಟಿಗೆ ಮಾತ್ರ ಈ ಕಾಯುವಿಕೆಯನ್ನು ತಪ್ಪಿಸಿದರು.

“ಅಕ್ಕಾ, ಈಗ ಎಣಿಸಿ ನೋಡಿ.”

“ಅಯ್ಯೋ, ಮೂರು ಎಣಿಸೋದ್ರೊಳಗೆ ಬಂತಲ್ಲಪ್ಪ! ಇನ್ಮೇಲೆ ಬೈಸ್ಕೊಳ್ಳೋಕೆ ಬೇರೆ ನೆಪ ಹುಡುಕ್ಬೇಕು.”

ತೂಬು ತೆರೆಯುವ ಮುನ್ನ ಬದುವಿನ ಸುತ್ತ ನಡೆದು ಬರುವ ರೈತನಂತೆ ಅವರು ಹೀಗೆ ಕೋಣೆ ಕೋಣೆ ಸುತ್ತಿದರು. ಮೇಲಧಿಕಾರಿಗೆ ಇದನ್ನು ಸಹಿಸಲಾಗಲಿಲ್ಲ.

“ಇನ್ನೂರು ಪೋರ್ಟಿಗೆ ಇನ್ನೂರು ದಿನಾನೇನ್ರೀ? ಒಟ್ಟಿಗೇ ಹಾಕಿ ಬಿಸಾಕಿ.”

“ಆಚೆ ಏನಿದೆ ಅಂತ ನೋಡದೆ ನಾನು ಹಾಕಲ್ಲ ಸರ್.”

ಅವರು ಮಗಳ ಬಾಣಂತನಕ್ಕೆಂದು ರಜೆ ಹೋದ ವಾರ, ಅಧಿಕಾರಿಯ ಮಾತಿಗೆ ತಲೆಯಾಡಿಸಿ ಕಾಯುವಿಕೆ ತಪ್ಪಿಸುವ ಆಜ್ಞೆಯನ್ನು ಎಲ್ಲ ಪೋರ್ಟುಗಳಿಗೂ ಒಂದೇ ಬಾರಿಗೆ ಕೊಟ್ಟವನು, ಅವರ ಕೈಕೆಳಗೆ ಕೆಲಸ ಕಲಿತ ನಾನು. ತಿಂಗಳ ಬಳಿಕ ಪ್ರಯೋಗಾಲಯದಲ್ಲಿ ಯಾರೋ ಎರಡು ಸ್ವಿಚ್ಚುಗಳ ನಡುವೆ ಎರಡನೆಯ ಕೇಬಲ್ಲು ಸಿಕ್ಕಿಸಿದರು. ಪರೀಕ್ಷಿಸದೆ ದಾರಿ ಬಿಟ್ಟ ಪೋರ್ಟುಗಳಲ್ಲಿ ಮಾಹಿತಿ ಸುತ್ತತೊಡಗಿ, ಐದು ಗಂಟೆ ಕಾಲ ಆಸ್ಪತ್ರೆ ಕುರುಡಾಯಿತು. ರಕ್ತಪರೀಕ್ಷೆಯ ವರದಿಗಳನ್ನು ಕೈಯಲ್ಲಿ ಹಿಡಿದು ಓಡಿದೆವು. ವಿಚಾರಣೆಯಲ್ಲಿ ಅಧಿಕಾರಿ, “ಈ ಸೆಟ್ಟಿಂಗ್ ಶುರು ಮಾಡಿದ್ದೇ ಅವರು” ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿಧಾನಪ್ಪನವರ ಬಡ್ತಿ ಅಲ್ಲಿಗೇ ನಿಂತಿತು. ನನ್ನದು ಮರುವರ್ಷವೇ ಬಂತು. ಒಂಬತ್ತು ವರ್ಷ ಅವರ ಮೇಲಿನ ಕುರ್ಚಿಯಲ್ಲಿ ನಾನೇ ಕುಳಿತೆ.

ಕಳೆದ ವಾರ, ಆ ಆಜ್ಞೆ ಕೊಟ್ಟವನು ನಾನೆಂದು ಲಿಖಿತ ಹೇಳಿಕೆ ಕೊಡಲು ಕಚೇರಿಗೆ ಹೋದೆ. “ಮುಚ್ಚಿದ ಫೈಲು ಸಾರ್, ಈಗ ಯಾಕೆ ಕೆದಕ್ತೀರಿ?” ಎಂದ ಹೆಡ್‌ಕ್ಲರ್ಕು ಅದನ್ನು ಮುಟ್ಟಲೂ ಇಲ್ಲ. ಅದನ್ನೇ ಹಿಡಿದು ನಿಧಾನಪ್ಪನವರ ಬಳಿಗೆ ಹೋದೆ. ಓದಿ ಮಡಚಿ ಕೊಟ್ಟರು.

“ಗೊತ್ತಿತ್ತು ಕಣಯ್ಯಾ. ಆಜ್ಞೆ ಕೊಟ್ಟವನ ಹೆಸರು ಸ್ವಿಚ್ಚಲ್ಲೇ ದಾಖಲಾಗಿರುತ್ತಲ್ಲ. ಎಲ್ಲ ನಿಂತುಹೋದ ದಿನವೇ ನೋಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ ಅಣ್ಣಾ?”

“ನೀನು ಹೇಳ್ತೀಯ ಅಂದ್ಕೊಂಡಿದ್ದೆ.”

ಅವರಿಗೆ ಆಯುರಾರೋಗ್ಯ ಕೋರುವ ಯೋಗ್ಯತೆ ನನಗಿಲ್ಲ, ಆದರೂ ಕೋರುತ್ತೇನೆ. ಅವರು ಬಹುಕಾಲ ಬಾಳಲಿ, ಕೈಗೆ ಬಿಡುವಾದಾಗಲೆಲ್ಲ ನನಗಿಂತ ಯೋಗ್ಯರಿಗೆ ಈ ವಿದ್ಯೆ ಕಲಿಸಲಿ. ನಮ್ಮ ಆಸ್ಪತ್ರೆಯ ಪತ್ರಿಕೆಯ ಸಂಪಾದಕರು ಈ ಬೀಳ್ಕೊಡುಗೆಯಲ್ಲಿ ಒಳ್ಳೆಯ ಮಾತುಗಳನ್ನಷ್ಟೇ ಬರೆಯಲು ಹೇಳಿದ್ದರು. ಫೈಲು ಸೇರಿಸಿಕೊಳ್ಳದ ನನ್ನ ಹೇಳಿಕೆಗೆ ಈ ಪುಟದಲ್ಲಾದರೂ ಅವರು ಜಾಗ ಕೊಡಲಿ.