ಸೊಸೈಟಿ ಗಾರ್ಡನ್ನಿನ ಗರಿಕೆ

ಕೇಳಿ ಮಾರಾಯ್ರೇ, ಇವತ್ತು ಸಂಕಷ್ಟಿ. ಮಕ್ಕಳನ್ನು ದಿನಾ ಸ್ವಲ್ಪ ಹೊತ್ತು ಹುಲ್ಲಿನಲ್ಲಿ ಆಡಲು ಬಿಡಿ ಎಂದು ಶಾಲೆಯವರೂ ಹೇಳಿದ್ದಾರೆ. ಹಾಗಾಗಿ ಗಣಪತಿಗೆ ಗರಿಕೆ ಕೊಯ್ಯಲು ಮೊಮ್ಮಗಳೊಂದಿಗೆ ಸೀವುಡ್ಸ್‌ನ ನಮ್ಮ ಫ್ಲ್ಯಾಟ್ ಸೊಸೈಟಿಯ ಹೊಸ ಗಾರ್ಡನ್ನಿಗೆ ಇಳಿದೆ.

ಅವಳು ಒಂದೆಸಳು ಎಳೆದು ನೋಡಿ, "ಅಜ್ಜಿ, ಯೇ ತೋ ಪ್ಲಾಸ್ಟಿಕ್ ಹೈ!" ಎಂದಳು.

ಸೆಕ್ರೆಟರಿ ಶೆಟ್ಟರು ಓಡಿ ಬಂದರು. "ಅಕ್ಕಾ, ಕೀಳ್ಬೇಡಿ! ಮಕ್ಕಳಿಗೆ ಮಣ್ಣಾಗ್ಬಾರ್ದು ಅಂತ ಹಾಕ್ಸಿದ್ದು."

"ಗಣಪತಿಗೂ ಇದನ್ನೇ ಇಡುದಾ ಶೆಟ್ರೇ?" ಎಂದೆ.

ಗೇಟಿನಾಚೆಯ ಖಾಲಿ ಜಾಗದಲ್ಲಿ ನಿಜವಾದ ಗರಿಕೆ ಸಿಕ್ಕಿತು. ಮೊಮ್ಮಗಳು ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಕುಣಿಯುತ್ತಾ ಬಂದಳು.

"ಅಯ್ಯೋ, ಲಿಫ್ಟ್ ಗಲೀಜಾಗ್ತದೆ, ಮೆಟ್ಲಲ್ಲಿ ಹೋಗಿ!" ಎಂದರು ಶೆಟ್ಟರು.

ಹತ್ತಿದೆವು. ಅಮ್ಮನ ಮೈಕೊಳೆಯಿಂದ ಹುಟ್ಟಿದ ಗಣಪತಿಯೇ ಬಂದರೂ ಇವರು ಮೆಟ್ಟಿಲನ್ನೇ ತೋರಿಸುತ್ತಾರೆ. ಪಾಪ, ಆ ಹೊಟ್ಟೆ ಹೊತ್ತು ಅವನು ಹೇಗೆ ಹತ್ತುತ್ತಾನೋ!